ಥೇಮ್ಸ್ ದಂಡೆಯ ಕಲ್ಲುಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಈ ಗಾದೆಯ ಮೊದಲರ್ಧದ ಸತ್ಯವನ್ನು ಇಂಗ್ಲೆಂಡಿನ ಒಬ್ಬ ಶ್ರೀಮಂತ ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಸ್ವಂತ ಅನುಭವದಿಂದ ಕಂಡುಕೊಂಡ. ಅವನು ಕಟ್ಟಿಸಿದ ಕಲ್ಲಿನ ಮನೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅದನ್ನು ನೋಡುವ ಸಂದರ್ಭ ನನಗೆ ಒದಗಿತು. ಆ ಮನೆಯ ವಾಸ್ತುವನ್ನು ಕುರಿತು, ಹಾಗೆಯೇ ಅದರ ಮುಂದೆ ನಿಂತಾಗ ನನ್ನ ಮನಸ್ಸಿನಲ್ಲಿ ಎದ್ದ ಒಂದು ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮನೆಯ ಹೆಸರು ಬ್ಯಾಸಿಲ್ಡನ್ ಪಾರ್ಕ್. ಲಂಡನ್ನಿನ ಪಶ್ಚಿಮಕ್ಕೆ ಬರ್ಕ್‌ಷೈರ್ ಎಂಬ ಸೀಮೆಯಲ್ಲಿ, ಥೇಮ್ಸ್ ನದಿಯ ಕಣಿವೆಯ ಮೇಲಣ ಒಂದು ಇಳಿಜಾರಿನಲ್ಲಿ ಅದು ಇದೆ. ರೆಡಿಂಗ್ ದಾಟಿದ ಮೇಲೆ ಪ್ಯಾಂಗ್‌ಬೋರ್ನ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು ನಾನು ನಡೆದೇ ಹೋದೆ. ಅಕ್ಟೋಬರ್ ತಿಂಗಳು. ಬೀಚ್ ಮರಗಳ ಎಲೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹೊಲಗಳ ಮೇಲೆ ತೆಳುವಾದ ಮಂಜು. ಸುಮಾರು 400 ಎಕರೆಯಷ್ಟಿರುವ ಆ ಉದ್ಯಾನಭೂಮಿಯಲ್ಲಿ ದಾರಿ ಮರಗಳ ನಡುವೆ ಬಳಸಿ ಬಳಸಿ ಏರುತ್ತದೆ. ಮನೆ ಒಮ್ಮೆಗೇ ಕಾಣುವುದಿಲ್ಲ. ಒಂದು ತಿರುವಿನಲ್ಲಿ ಮರಗಳು ಸರಿದು, ಹಸಿರು ಹುಲ್ಲಿನ ಆಚೆ ಜೇನಿನ ಬಣ್ಣದ ಕಲ್ಲಿನ ಮನೆ ಇದ್ದಕ್ಕಿದ್ದಂತೆ ಎದುರಾಗುತ್ತದೆ.

ಅದನ್ನು ಕಂಡಾಗ ನನಗಾದ ಮೊದಲ ಅನುಭವ ನೆಮ್ಮದಿ ಎನ್ನಬೇಕು. ಅರಮನೆಗಳ ಮುಂದೆ ನಿಂತಾಗ ಆಗುವ ಬೆರಗಿಗಿಂತ ಇದು ಬೇರೆ. ಯಾವುದೂ ಹೆಚ್ಚಿಲ್ಲ, ಯಾವುದೂ ಕಡಿಮೆಯಿಲ್ಲ. ಎಲ್ಲಿ ಏನಿರಬೇಕೋ ಅಲ್ಲಿ ಅದೇ ಇದೆ. ಈ ನೆಮ್ಮದಿ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಹೊರಟರೆ ಆ ಕಾಲದ ವಾಸ್ತುಶೈಲಿಯ ಗುಟ್ಟು ಅರ್ಥವಾಗುತ್ತದೆ.

ಇಂಗ್ಲೆಂಡಿನಲ್ಲಿ 1714ರಿಂದ 1830ರವರೆಗೆ ಜಾರ್ಜ್ ಎಂಬ ಹೆಸರಿನ ನಾಲ್ವರು ದೊರೆಗಳು ಒಬ್ಬರ ಹಿಂದೊಬ್ಬರು ಪಟ್ಟಕ್ಕೆ ಬಂದರು. ಆ ಅವಧಿಯಲ್ಲಿ ಎದ್ದ ಕಟ್ಟಡಗಳ ಶೈಲಿಯನ್ನು ‘ಜಾರ್ಜಿಯನ್’ ಎನ್ನುತ್ತಾರೆ. ಹೆಸರು ಇಂಗ್ಲಿಷ್ ದೊರೆಗಳದ್ದಾದರೂ ಅದರ ಬೇರು ಇಟಲಿಯಲ್ಲಿದೆ. ಹದಿನಾರನೆಯ ಶತಮಾನದಲ್ಲಿ ವಿಚೆಂಜಾ ಪಟ್ಟಣದ ಸುತ್ತಮುತ್ತ ಮನೆಗಳನ್ನು ಕಟ್ಟಿದ ಆಂಡ್ರಿಯಾ ಪಲ್ಲಾಡಿಯೊ ಈ ಪರಂಪರೆಯ ಆಚಾರ್ಯಪುರುಷ. ಪ್ರಾಚೀನ ರೋಮಿನ ಹಾಳು ಕಟ್ಟಡಗಳನ್ನು ಅಳೆದು, ಅವುಗಳ ನಿಯಮಗಳನ್ನು ಕಂಡುಕೊಂಡು, 1570ರಲ್ಲಿ ಅವನು ‘ವಾಸ್ತುವಿನ ನಾಲ್ಕು ಗ್ರಂಥಗಳು’ ಎಂಬ ಕೃತಿಯನ್ನು ಪ್ರಕಟಿಸಿದ. ಒಂದೂವರೆ ಶತಮಾನದ ನಂತರ ಇಂಗ್ಲೆಂಡಿನ ಸಿರಿವಂತರಿಗೆ ಆ ಗ್ರಂಥ ಶಾಸ್ತ್ರವೇ ಆಯಿತು. 1715ರಲ್ಲಿ ಕೋಲೆನ್ ಕ್ಯಾಂಪ್‌ಬೆಲ್ ತನ್ನ ‘ವಿಟ್ರುವಿಯಸ್ ಬ್ರಿಟಾನಿಕಸ್’ ಎಂಬ ದೊಡ್ಡ ಚಿತ್ರಗ್ರಂಥದ ಮೊದಲ ಸಂಪುಟವನ್ನು ಹೊರತಂದ. 1738ರಲ್ಲಿ ಐಸಾಕ್ ವೇರ್ ಎಂಬಾತ ಪಲ್ಲಾಡಿಯೊವನ್ನು ನಿಷ್ಠೆಯಿಂದ ಇಂಗ್ಲಿಷಿಗೆ ತಂದ. ಹೀಗೆ ಪುಸ್ತಕಗಳ ಮೂಲಕ ಒಂದು ದೇಶದ ಮನೆಗಳ ರೂಪವೇ ಬದಲಾಯಿತು.

ಆ ಶಾಸ್ತ್ರದ ಜೀವಾಳ ಪ್ರಮಾಣ, ಅಂದರೆ ಅಳತೆಗಳ ಪರಸ್ಪರ ಸಂಬಂಧ. ಕೋಣೆಗಳಿಗೆ ಏಳು ಆಕಾರಗಳು ಅತ್ಯುತ್ತಮವೆಂದು ಪಲ್ಲಾಡಿಯೊ ಹೇಳುತ್ತಾನೆ. ಒಂದು ವೃತ್ತ, ಒಂದು ಚೌಕ. ಉಳಿದ ಐದರಲ್ಲಿ ಉದ್ದವು ಅಗಲಕ್ಕಿಂತ ಒಂದು ಲೆಕ್ಕದ ಪ್ರಕಾರ ಹೆಚ್ಚಾಗುತ್ತದೆ: ಚೌಕದ ಕರ್ಣದಷ್ಟು, ಒಂದೂ ಮೂರರಲ್ಲೊಂದು ಪಾಲಿನಷ್ಟು, ಒಂದೂವರೆಯಷ್ಟು, ಒಂದೂ ಮೂರರಲ್ಲೆರಡು ಪಾಲಿನಷ್ಟು, ಕೊನೆಗೆ ಎರಡರಷ್ಟು. ಕೋಣೆಯ ಎತ್ತರಕ್ಕೂ ಕಿಟಕಿಯ ಎತ್ತರಕ್ಕೂ ಇಂಥದೇ ಲೆಕ್ಕಗಳಿವೆ. ಸಂಗೀತದಲ್ಲಿ ಶ್ರುತಿ ಕೂಡಿದಾಗ ಕಿವಿಗೆ ಹೇಗೆ ಹಿತವಾಗುವುದೋ ಹಾಗೆ ಅಳತೆ ಕೂಡಿದಾಗ ಕಣ್ಣಿಗೆ ಹಿತವಾಗುತ್ತದೆ ಎಂಬುದು ಈ ಪರಂಪರೆಯವರ ನಂಬಿಕೆ. ಲೆಕ್ಕ ಗೊತ್ತಿಲ್ಲದವನ ಕಣ್ಣಿಗೂ ಆ ಹಿತ ತಿಳಿಯುತ್ತದೆ. ನನಗೆ ಆದದ್ದು ಅದೇ.

ಬ್ಯಾಸಿಲ್ಡನ್ ಮನೆ 1776ರಿಂದ 1783ರವರೆಗೆ ಕಟ್ಟಲ್ಪಟ್ಟಿತು. ಅದರ ಶಿಲ್ಪಿ ಯಾರ್ಕ್ ನಗರದ ಜಾನ್ ಕಾರ್. ಅವನು ಕಲ್ಲುಕೆಲಸದ ಮನೆತನದಲ್ಲಿ ಹುಟ್ಟಿದವನು. ತಂದೆಯ ಕೈಕೆಳಗೆ ಉಳಿ ಸುತ್ತಿಗೆ ಹಿಡಿದು ಕಲಿತು, ಮುಂದೆ ಉತ್ತರ ಇಂಗ್ಲೆಂಡಿನ ಬಹುದೊಡ್ಡ ವಾಸ್ತುಶಿಲ್ಪಿ ಎನಿಸಿ, ಎರಡು ಸಲ ಯಾರ್ಕಿನ ಮೇಯರೂ ಆದ. ಕಲ್ಲಿನ ಸ್ವಭಾವ ಬಲ್ಲವನ ಕೈ ಈ ಮನೆಯಲ್ಲಿ ಎಲ್ಲೆಲ್ಲೂ ಕಾಣುತ್ತದೆ.

ಪಶ್ಚಿಮದ ಮುಂಭಾಗವನ್ನೇ ನೋಡೋಣ. ನಡುವೆ ಮೂರು ಅಂತಸ್ತಿನ ಮುಖ್ಯ ಕಟ್ಟಡ. ಅದರ ಎರಡು ಪಕ್ಕಗಳಲ್ಲಿ, ಸ್ವಲ್ಪ ದೂರದಲ್ಲಿ, ಒಂದೊಂದು ಚಿಕ್ಕ ಕಟ್ಟಡ. ತಗ್ಗಾದ ಜೋಡಣೆಗಳು ಅವನ್ನು ಮುಖ್ಯ ಮನೆಗೆ ಕೂಡಿಸುತ್ತವೆ. ನೆಲದ ಅಂತಸ್ತಿನ ಕಲ್ಲುಗಳ ಸಂದುಗಳನ್ನು ಆಳವಾಗಿ ಕೊರೆದಿರುವುದರಿಂದ ಆ ಭಾಗ ಒರಟಾಗಿ, ಭಾರವಾಗಿ, ಪಾಯದಂತೆಯೇ ಕಾಣುತ್ತದೆ. ಅದರ ಮೇಲಣ ಅಂತಸ್ತು ನಯವಾದ ಕಲ್ಲಿನದು. ಮನೆಯ ಯಜಮಾನ ಅತಿಥಿಗಳನ್ನು ಬರಮಾಡಿಕೊಳ್ಳುವುದು ಅಲ್ಲಿ. ಇಟಲಿಯವರು ಅದನ್ನು ‘ಪಿಯಾನೊ ನೋಬಿಲೆ’, ಅಂದರೆ ಗೌರವದ ಅಂತಸ್ತು, ಎಂದು ಕರೆಯುತ್ತಾರೆ. ಅಲ್ಲಿನ ಕಿಟಕಿಗಳು ಎಲ್ಲಕ್ಕಿಂತ ಎತ್ತರ. ಅದರ ಮೇಲಿನ ಮಲಗುವ ಕೋಣೆಗಳ ಕಿಟಕಿಗಳು ಗಿಡ್ಡ. ಯಾವ ಅಂತಸ್ತಿನಲ್ಲಿ ಯಾರು ಇರುತ್ತಾರೆ, ಯಾರಿಗೆ ಎಷ್ಟು ಮಾನ ಎಂಬುದನ್ನು ಹುಲ್ಲಿನ ಮೇಲೆ ನಿಂತೇ, ಬರಿಯ ಕಿಟಕಿಗಳ ಎತ್ತರದಿಂದ ಓದಿಕೊಳ್ಳಬಹುದು.

ಮುಂಭಾಗದ ನಡುವೆ ನಾಲ್ಕು ಕಂಬಗಳು, ಅವುಗಳ ಮೇಲೆ ತ್ರಿಕೋನಾಕೃತಿಯ ಮುಕುಟ. ಕಂಬಗಳು ಅಯಾನಿಕ್ ಜಾತಿಯವು. ತಲೆಯ ಇಕ್ಕೆಲದಲ್ಲಿ ಟಗರಿನ ಕೊಂಬಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಬೆಂಗಳೂರಿನ ಅಠಾರಾ ಕಚೇರಿಯನ್ನು, ಅಂದರೆ ಹೈಕೋರ್ಟಿನ ಕೆಂಪು ಕಟ್ಟಡವನ್ನು ಬಲ್ಲವರಿಗೆ ಈ ಜಾತಿಯ ಕಂಬ ಹೊಸದಲ್ಲ. ಸಾಮಾನ್ಯವಾಗಿ ಇಂಥ ಕಂಬಸಾಲು ಗೋಡೆಯಿಂದ ಮುಂದಕ್ಕೆ ಚಾಚಿರುತ್ತದೆ. ಕಾರ್ ಇಲ್ಲಿ ಅದನ್ನು ಗೋಡೆಯ ಒಳಕ್ಕೆ ಸರಿಸಿದ್ದಾನೆ. ಕಂಬಗಳ ಹಿಂದೆ ನೆರಳು ತುಂಬಿದ ಒಂದು ಮೊಗಸಾಲೆ ಏರ್ಪಟ್ಟಿದೆ. ಸಂಜೆಯ ಬಿಸಿಲು ಕಂಬಗಳ ಮೇಲೆ ಬಿದ್ದು ಹಿಂದೆ ನೆರಳು ಗಾಢವಾದಾಗ ಇಡೀ ಮುಂಭಾಗಕ್ಕೆ ಆಳ ಬರುತ್ತದೆ.

ಕಿಟಕಿಗಳ ಬಗ್ಗೆ ಒಂದು ಮಾತು. ನಮ್ಮ ಕಿಟಕಿಗಳಂತೆ ಇವಕ್ಕೆ ಹೊರಕ್ಕೆ ತೆರೆಯುವ ಕದಗಳಿಲ್ಲ. ಮೇಲೊಂದು ಕೆಳಗೊಂದು ಗಾಜಿನ ಚೌಕಟ್ಟು. ಒಂದರ ಹಿಂದೆ ಒಂದು ಜಾರುತ್ತದೆ. ಗೋಡೆಯ ಪಕ್ಕದ ಗೂಡಿನೊಳಗೆ ಹಗ್ಗ, ರಾಟೆ, ಸಮತೂಕದ ಗುಂಡುಗಳು ಅಡಗಿರುವುದರಿಂದ ಭಾರವಾದ ಚೌಕಟ್ಟನ್ನು ಎರಡು ಬೆರಳಿನಿಂದ ಎತ್ತಬಹುದು, ಎತ್ತಿದಲ್ಲೇ ಅದು ನಿಲ್ಲುತ್ತದೆ. ಅಂದಿನ ಗಾಜನ್ನು ಊದಿ, ತಿರುಗಿಸಿ, ದೊಡ್ಡ ತಟ್ಟೆಯಂತೆ ಹರಡಿ, ಅದರಿಂದ ಸಣ್ಣ ಸಣ್ಣ ಹಲ್ಲೆಗಳಾಗಿ ಕತ್ತರಿಸುತ್ತಿದ್ದರು. ಅದರ ಮೈ ತುಸು ಅಲೆಅಲೆಯಾಗಿರುತ್ತಿದ್ದುದರಿಂದ ಅದರಲ್ಲಿ ಮೂಡುವ ಮೋಡದ ನೆರಳು ನೀರಿನಲ್ಲಿ ಕಂಡಂತೆ ಅಲುಗುತ್ತದೆ. 1696ರಿಂದ 1851ರವರೆಗೆ ಇಂಗ್ಲೆಂಡಿನಲ್ಲಿ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ವಸೂಲು ಮಾಡುತ್ತಿದ್ದರು ಎಂದರೆ ನಗು ಬರಬಹುದು. ಬಡವರು ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಸಿ ಕತ್ತಲೆಯಲ್ಲಿ ಬಾಳಿದರು. ಇಷ್ಟೊಂದು ಗಾಜಿನ ಮನೆ ಕಟ್ಟಿದವನು ತನ್ನ ಸಂಪತ್ತನ್ನು ಬೀದಿಗೆ ಸಾರಿದಂತೆಯೇ ಆಯಿತು.

ಇನ್ನು ಕಲ್ಲು. ಇದು ಬಾತ್ ಪಟ್ಟಣದ ಸುತ್ತಲಿನ ಗಣಿಗಳಲ್ಲಿ ದೊರೆಯುವ ಸುಣ್ಣದ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಇಂಗ್ಲೆಂಡಿನ ಆ ಭಾಗವನ್ನು ಬೆಚ್ಚನೆಯ, ಆಳವಿಲ್ಲದ ಕಡಲು ಆವರಿಸಿತ್ತು. ಚಿಪ್ಪಿನ ಚೂರು, ಮರಳಿನ ಕಣಗಳ ಸುತ್ತ ಸುಣ್ಣ ಪದರಪದರವಾಗಿ ಕಟ್ಟಿಕೊಂಡು ಮೀನಿನ ಮೊಟ್ಟೆಯಂಥ ಉರುಟು ಕಾಳುಗಳಾದವು. ಆ ಕಾಳುಗಳು ಒಟ್ಟುಗೂಡಿ ಬಂಡೆಯಾಯಿತು. ಗಣಿಯಿಂದ ಬಂದಾಗ ಈ ಕಲ್ಲಿನಲ್ಲಿ ತೇವವಿದ್ದು ಅದು ಮೃದುವಾಗಿರುತ್ತದೆ, ಗರಗಸದಿಂದ ಕೊಯ್ಯಬಹುದು. ಗಾಳಿಗೆ ಒಡ್ಡಿದಂತೆ ತೇವ ಆರಿ, ಮೇಲ್ಮೈ ಗಟ್ಟಿಯಾಗುತ್ತದೆ. ನಮ್ಮ ಬೇಲೂರು ಹಳೇಬೀಡುಗಳ ಬಳಪದ ಕಲ್ಲಿನ ಗುಣವೂ ಇಂಥದೇ ಎಂದು ಕೇಳುಗರು ನೆನೆಯಬಹುದು. ಆದರೆ ಒಂದು ಎಚ್ಚರ ಬೇಕು: ಭೂಮಿಯಲ್ಲಿ ಪದರಗಳು ಹೇಗೆ ಮಲಗಿದ್ದವೋ ಗೋಡೆಯಲ್ಲೂ ಕಲ್ಲು ಹಾಗೆಯೇ ಮಲಗಿರಬೇಕು. ಪದರ ನಿಲುವಾಗುವಂತೆ ಇಟ್ಟರೆ ಮಳೆಗೂ ಹಿಮಕ್ಕೂ ಸಿಕ್ಕಿ ಮೈ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ನುಣ್ಣಗೆ ಕೆತ್ತಿದ ಕಲ್ಲುಗಳ ನಡುವಣ ಸುಣ್ಣದ ಗಾರೆ ಎಷ್ಟು ತೆಳುವೆಂದರೆ, ಸಂದು ಪೆನ್ಸಿಲಿನಿಂದ ಎಳೆದ ಗೆರೆಯಂತಿದೆ.

ಇಂಥ ಮನೆಗೆ ಎಲ್ಲಿಂದ ಪ್ರವೇಶಿಸುವುದು? ಕಂಬಗಳಿರುವುದು ಮೊದಲ ಅಂತಸ್ತಿನಲ್ಲಿ. ಅಲ್ಲಿಗೆ ಹತ್ತುವ ಮೆಟ್ಟಿಲುಗಳು ಎದುರಿಗೆ ಎಲ್ಲೂ ಕಾಣುವುದಿಲ್ಲ. ನೆಲದ ಅಂತಸ್ತಿನಲ್ಲಿ ಮೂರು ಕಮಾನುಗಳಿವೆ. ಕಮಾನಿನೊಳಗೆ ಹೊಕ್ಕರೆ ಎರಡು ಕಡೆಗೂ ಮೆಟ್ಟಿಲುಗಳು. ಅವನ್ನು ಏರಿದವನು ನಸುಗತ್ತಲೆಯಿಂದ ಹೊರಬಂದು ಕಂಬಗಳ ನಡುವೆ ಬೆಳಕಿನಲ್ಲಿ ನಿಲ್ಲುತ್ತಾನೆ. ಹಿಂತಿರುಗಿ ನೋಡಿದರೆ ತಾನು ನಡೆದುಬಂದ ಹಸಿರೆಲ್ಲ ಕಾಲಕೆಳಗೆ ಹರಡಿರುತ್ತದೆ. ಬಾಗಿಲು ದಾಟಿದರೆ ತಿಳಿಬಣ್ಣದ ಹಜಾರ, ಮೇಲೆ ಸೂಕ್ಷ್ಮವಾದ ಬಳ್ಳಿ ಹೂವುಗಳ ಗಾರೆಯ ಕೆಲಸ. ಅದರಾಚೆಗೆ ಮನೆಯ ನಡುಮಧ್ಯದಲ್ಲಿ ಮಹಡಿಯ ಮೆಟ್ಟಿಲುಗಳ ಕೋಣೆ. ಮೆಟ್ಟಿಲುಗಳ ಒಂದು ತುದಿ ಗೋಡೆಯೊಳಗೆ ಹುದುಗಿದೆ. ಇನ್ನೊಂದು ತುದಿಗೆ ಕಂಬವಿಲ್ಲ, ತೊಲೆಯಿಲ್ಲ. ಒಂದೊಂದು ಮೆಟ್ಟಿಲೂ ಕೆಳಗಿನದರ ಮೇಲೆ ಒರಗಿ ಭಾರವನ್ನು ಇಳಿಸುತ್ತದೆ. ಬೆಳಕು ಮೇಲಿನಿಂದ, ಚಾವಣಿಯ ಹತ್ತಿರದ ಅರ್ಧಚಂದ್ರಾಕಾರದ ಕಿಟಕಿಗಳಿಂದ, ಸದ್ದಿಲ್ಲದೆ ಇಳಿಯುತ್ತದೆ.

ಇಷ್ಟು ನೋಡುವ ಹೊತ್ತಿಗೆ ನನಗೊಂದು ವಿಷಯ ಹೊಳೆಯಿತು. ಈ ವಾಸ್ತುವಿನಲ್ಲಿ ತೋರಿಸುವ ಕಲೆ ಎಷ್ಟಿದೆಯೋ ಅಡಗಿಸುವ ಕಲೆಯೂ ಅಷ್ಟೇ ಇದೆ. ಮೆಟ್ಟಿಲು ಅಡಗಿದೆ, ಕಿಟಕಿಯ ಗುಂಡು ಅಡಗಿದೆ, ಚಾವಣಿಯ ಇಳಿಜಾರು ಕಾಣದಂತೆ ಅಡಗಿದೆ. ಇಕ್ಕೆಲದ ಅಂದವಾದ ಚಿಕ್ಕ ಕಟ್ಟಡಗಳು ಏಕೆ? ಅಡುಗೆ, ಬಟ್ಟೆ ಒಗೆತ ಮುಂತಾದ ಕೆಲಸಗಳ ಹೊಗೆ, ವಾಸನೆ, ಸದ್ದು ಯಜಮಾನನ ಕೋಣೆಗಳಿಗೆ ತಟ್ಟಬಾರದೆಂದು. ಪಲ್ಲಾಡಿಯೊನ ಇಟಲಿಯಲ್ಲಿ ಇಂಥ ಪಕ್ಕದ ಕಟ್ಟಡಗಳಲ್ಲಿ ದವಸ, ದನ, ನೇಗಿಲು ಇರುತ್ತಿದ್ದವು, ಇಂಗ್ಲೆಂಡಿನಲ್ಲಿ ಆಳುಕಾಳುಗಳಿದ್ದರು. ಇಂಥ ಮನೆಗಳಲ್ಲಿ ಸೇವಕರು ಓಡಾಡಲು ಬೇರೆಯೇ ಇಕ್ಕಟ್ಟಾದ ಮೆಟ್ಟಿಲುಗಳಿರುತ್ತಿದ್ದವು. ಬೆಂಕಿ ತಾನೇ ಹೊತ್ತಿಕೊಂಡಂತೆ, ಹಾಸಿಗೆ ತಾನೇ ಸಿದ್ಧವಾದಂತೆ, ಬಿಸಿನೀರು ತಾನೇ ಮಹಡಿ ಹತ್ತಿದಂತೆ ಅತಿಥಿಗೆ ತೋರಬೇಕು. ನನ್ನನ್ನು ಹುಲ್ಲಿನ ಮೇಲೆ ನಿಲ್ಲಿಸಿದ ಆ ನೆಮ್ಮದಿಯ ಅರ್ಧ ಗುಟ್ಟು ಪ್ರಮಾಣದಲ್ಲಿದ್ದರೆ ಇನ್ನರ್ಧ ಈ ಮರೆಯಲ್ಲಿತ್ತು.

ಈ ಮನೆ ಅಡಗಿಸಿರುವ ಇನ್ನೊಂದು ಸಂಗತಿಯೂ ಇದೆ. ಮನೆ ಕಟ್ಟಿಸಿದವನು ಫ್ರಾನ್ಸಿಸ್ ಸೈಕ್ಸ್. ಯಾರ್ಕ್‌ಷೈರಿನವನು, ತಾರುಣ್ಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ಬಂಗಾಳಕ್ಕೆ ಹೋದ. ಕಾಸಿಂಬಜಾರ್ ಆಗ ರೇಷ್ಮೆಯ ವ್ಯಾಪಾರಕ್ಕೆ ಹೆಸರಾದ ಊರು. ನವಾಬನ ರಾಜಧಾನಿ ಮುರ್ಷಿದಾಬಾದಿಗೆ ಅಂಟಿಕೊಂಡಂತಿತ್ತು. ಕಂಪನಿಯ ನೌಕರರಿಗೆ ಸಂಬಳ ಅಲ್ಪ. ಸ್ವಂತ ವ್ಯಾಪಾರಕ್ಕೆ ಮಾತ್ರ ಎಲ್ಲೆಯಿರಲಿಲ್ಲ. 1765ರಲ್ಲಿ ಮೊಗಲ್ ಬಾದಶಹನಿಂದ ಬಂಗಾಳದ ದಿವಾನಿ, ಅಂದರೆ ಕಂದಾಯ ಎತ್ತುವ ಹಕ್ಕು, ಕಂಪನಿಗೆ ಬಂತು. ನವಾಬನ ದರ್ಬಾರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿ ಆ ಕಂದಾಯದ ಮೇಲ್ವಿಚಾರಣೆಗೆ ಕುಳಿತವನು ಈ ಸೈಕ್ಸ್. ಬಂಗಾಳದಲ್ಲಿ ಮೂರ್ನಾಲ್ಕು ವರ್ಷ ಆ ಅಧಿಕಾರ ನಡೆಸಿ, 1769ರಲ್ಲಿ ಅಪಾರ ಹಣದೊಡನೆ ಸ್ವದೇಶಕ್ಕೆ ಮರಳಿದ. 1771ರಲ್ಲಿ ಬ್ಯಾಸಿಲ್ಡನ್ನಿನ ಜಮೀನು ಕೊಂಡ.

ಈ ಎರಡು ಇಸವಿಗಳ ನಡುವೆ ಬಂಗಾಳದಲ್ಲಿ ಏನಾಯಿತು? 1769ರಲ್ಲಿ ಮಳೆ ಕೈಕೊಟ್ಟಿತು. 1770ರಲ್ಲಿ ಮಹಾಕ್ಷಾಮ. ಪ್ರಾಂತದ ಜನರಲ್ಲಿ ಮೂರನೆಯ ಒಂದು ಪಾಲು ಸತ್ತರೆಂದು 1772ರಲ್ಲಿ ವಾರನ್ ಹೇಸ್ಟಿಂಗ್ಸನ ಆಡಳಿತವೇ ಕಂಪನಿಗೆ ವರದಿ ಮಾಡಿತು. ಅದೇ ವರದಿಯಲ್ಲಿ, ಇಷ್ಟಾದರೂ ಕಂದಾಯದ ವಸೂಲಿ ಹಿಂದಿನ ಮಟ್ಟಕ್ಕಿಂತ ಇಳಿಯಲಿಲ್ಲ, ಅದನ್ನು ಬಲವಂತದಿಂದ ಕಾಪಾಡಿಕೊಳ್ಳಲಾಯಿತು ಎಂಬ ಅಂಶವೂ ಇದೆ. ಕ್ಷಾಮಕ್ಕೆ ಸೈಕ್ಸ್ ಒಬ್ಬನೇ ಕಾರಣನೆಂದರೆ ಅನ್ಯಾಯವಾದೀತು. ಅದು ಬರುವ ಹೊತ್ತಿಗೆ ಅವನು ಅಲ್ಲಿ ಇರಲೂ ಇಲ್ಲ. ಆದರೆ ಯಾವ ವ್ಯವಸ್ಥೆ ರೈತನ ಕಣಜವನ್ನು ಕೆರೆದು ಬರಿದುಮಾಡಿತ್ತೋ ಆ ವ್ಯವಸ್ಥೆಯ ತಲೆಯಲ್ಲಿ ಕುಳಿತಿದ್ದವರಲ್ಲಿ ಅವನೂ ಒಬ್ಬ. ಮುರ್ಷಿದಾಬಾದಿನ ಸೀಮೆ ಹಸಿದು ಸತ್ತ ಮರುವರ್ಷ ಅವನು ಥೇಮ್ಸ್ ದಂಡೆಯಲ್ಲಿ ಮನೆಯ ನಿವೇಶನ ಕೊಂಡ ಎಂಬುದು ಚರಿತ್ರೆ.

ಭಾರತದಿಂದ ಹಣ ತಂದು ದೊಡ್ಡಸ್ತಿಕೆ ಮೆರೆದ ಇಂಥವರನ್ನು ಇಂಗ್ಲಿಷರು ‘ನೇಬಾಬ್’ ಎಂದು ಕರೆದರು. ನಮ್ಮ ‘ನವಾಬ’ ಶಬ್ದವೇ ಅವರ ಬಾಯಲ್ಲಿ ಹಾಗಾಯಿತು. 1772ರಲ್ಲಿ ಸ್ಯಾಮ್ಯುಯಲ್ ಫೂಟ್ ಅದೇ ಹೆಸರಿನ ಪ್ರಹಸನ ಬರೆದು ಲಂಡನ್ನಿನ ರಂಗಭೂಮಿಯಲ್ಲಿ ಅವರನ್ನು ಗೇಲಿ ಮಾಡಿದ. ಬರ್ಕ್‌ಷೈರಿನಲ್ಲಿ ಇಂಥವರು ಹಲವರು ನೆಲೆಸಿದ್ದರಿಂದ ಆ ಸೀಮೆಗೆ ‘ಇಂಗ್ಲಿಷ್ ಹಿಂದೂಸ್ಥಾನ’ ಎಂಬ ಅಡ್ಡಹೆಸರೂ ಬಂತು. ವಾರನ್ ಹೇಸ್ಟಿಂಗ್ಸ್ ತನ್ನ ಮೇಲಿನ ಮಹಾವಿಚಾರಣೆಯ ಕಾಲದಲ್ಲಿ ಬಾಡಿಗೆಗಿದ್ದ ಪರ್ಲಿ ಹಾಲ್ ಎಂಬ ಮನೆ ಇಲ್ಲಿಗೆ ಕೆಲವೇ ಮೈಲಿಗಳ ದೂರ. ಆ ಕಾಲದ ದೊಡ್ಡ ಮನೆಗಳ ಹಣ ಭಾರತದಿಂದ ಮಾತ್ರ ಬಂದದ್ದೂ ಅಲ್ಲ. ಇದೇ ಜಾನ್ ಕಾರ್ ಯಾರ್ಕ್‌ಷೈರಿನಲ್ಲಿ ಕಟ್ಟಿದ ಹೇರ್‌ವುಡ್ ಹೌಸ್ ಎಂಬ ಭವನದ ಹಿಂದೆ ವೆಸ್ಟ್ ಇಂಡೀಸಿನ ಸಕ್ಕರೆ ಇತ್ತು, ಗುಲಾಮರ ಬೆವರು ಇತ್ತು.

ಸಾಹಿತ್ಯಾಸಕ್ತರಿಗೆ ಇನ್ನೊಂದು ಎಳೆಯನ್ನು ತೋರಿಸಬಯಸುತ್ತೇನೆ. ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯನ್ನು 2005ರಲ್ಲಿ ಚಲನಚಿತ್ರ ಮಾಡಿದಾಗ ಅದರಲ್ಲಿ ಬರುವ ನೆದರ್‌ಫೀಲ್ಡ್ ಭವನವಾಗಿ ಕಾಣಿಸಿಕೊಂಡದ್ದು ಬ್ಯಾಸಿಲ್ಡನ್ ಪಾರ್ಕ್. ಆ ಕಾದಂಬರಿಗಳಲ್ಲಿ ವರನಿಗೆ ವರ್ಷಕ್ಕೆ ಎಷ್ಟು ಸಾವಿರ ಪೌಂಡ್ ವರಮಾನ ಎಂಬುದು ಮೊದಲ ಮಾತಿನಲ್ಲೇ ತಿಳಿಯುತ್ತದೆ. ಅದು ಎಲ್ಲಿಂದ ಬರುತ್ತದೆ ಎಂಬುದು ಹೆಚ್ಚಾಗಿ ತೆರೆಯ ಮರೆಯಲ್ಲಿರುತ್ತದೆ. ಲೇಖಕಿಗೆ ಅದು ತಿಳಿಯದ ವಿಷಯವೇನಲ್ಲ. ಅವರ ಸೋದರತ್ತೆ ಫಿಲಡೆಲ್ಫಿಯಾ ಆಸ್ಟೆನ್ 1752ರಲ್ಲಿ ಹಡಗು ಹತ್ತಿ ಭಾರತಕ್ಕೆ ಬಂದು ಕಂಪನಿಯ ವೈದ್ಯನೊಬ್ಬನನ್ನು ಮದುವೆಯಾದವರು. ಅವರ ಮಗಳು ಎಲಿಜಾ ಹುಟ್ಟಿದ್ದು ಕಲ್ಕತ್ತೆಯಲ್ಲಿ, 1761ರಲ್ಲಿ. ಆ ಮಗುವಿನ ಜ್ಞಾನಪಿತನಾಗಿ ನಿಂತವನು ವಾರನ್ ಹೇಸ್ಟಿಂಗ್ಸ್.

ಮತ್ತೆ ಮನೆಗೆ ಬರೋಣ. ಗಾದೆ ಸುಳ್ಳಾಗಲಿಲ್ಲ. ಸೈಕ್ಸ್ ಸಂಸತ್ತಿನ ಸದಸ್ಯನಾದ, 1781ರಲ್ಲಿ ಬ್ಯಾರೊನೆಟ್ ಪದವಿಯನ್ನೂ ಪಡೆದ. ಮನೆ ಮಾತ್ರ ಅವನ ಕಾಲದಲ್ಲಿ ಪೂರ್ತಿಯಾಗಲಿಲ್ಲ. ಹೊರಗಿನ ಗೋಡೆಗಳು ಎದ್ದು ನಿಂತವು. ಒಳಗಿನ ಮುಖ್ಯ ಕೋಣೆಗಳಲ್ಲಿ ಕೆಲವು ಅಲಂಕಾರವಿಲ್ಲದೆ ಉಳಿದವು. ಪೂರ್ವದಿಕ್ಕಿನಲ್ಲಿ ಥೇಮ್ಸ್ ಕಣಿವೆಯತ್ತ ಮುಂದಕ್ಕೆ ಚಾಚಿದ ಎಂಟು ಮೂಲೆಯ ಕೋಣೆ ಈ ಮನೆಯ ಅತ್ಯಂತ ಸುಂದರವಾದ ಸ್ಥಳ. ಕಟ್ಟಿಸಿದವನು ಅದು ಸಿದ್ಧವಾದದ್ದನ್ನು ನೋಡದೆ 1804ರಲ್ಲಿ ತೀರಿಕೊಂಡ. ಅವನ ಮೊಮ್ಮಗ 1838ರಲ್ಲಿ ಮನೆಯನ್ನು ಮಾರಿದ. ಕೊಂಡವನು ಜೇಮ್ಸ್ ಮಾರಿಸನ್, ಒಬ್ಬ ಛತ್ರದವನ ಮಗ. ಲಂಡನ್ನಿನಲ್ಲಿ ದಾರ, ಗುಂಡಿ, ಬಟ್ಟೆಗಳ ಸಗಟು ವ್ಯಾಪಾರದಿಂದ ಮೇಲೆ ಬಂದವನು. ನವಾಬನೆನಿಸಿಕೊಂಡವನು ಅರ್ಧಕ್ಕೆ ಬಿಟ್ಟ ಎಂಟು ಮೂಲೆಯ ಕೋಣೆಯನ್ನು ಈ ಅಂಗಡಿಯವನು ಪೂರ್ಣಗೊಳಿಸಿದ.

ಇಪ್ಪತ್ತನೆಯ ಶತಮಾನ ಇಂಥ ಮನೆಗಳ ಪಾಲಿಗೆ ಮೃತ್ಯುವಾಗಿ ಬಂತು. ತೆರಿಗೆ ಏರಿತು, ಆಳುಗಳು ಸಿಗದಾದರು, ಎರಡು ಯುದ್ಧಗಳು ನಡೆದವು. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ದೊಡ್ಡ ಮನೆಗಳು ನೆಲಸಮವಾದವು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಈ ನಾಶವನ್ನೇ ವಿಷಯವಾಗಿಟ್ಟುಕೊಂಡು ಪ್ರದರ್ಶನ ನಡೆಸಿತು. ಬ್ಯಾಸಿಲ್ಡನ್ನಿಗೂ ಅದೇ ಗತಿ ಕಾದಿತ್ತು. ಎರಡು ಯುದ್ಧಗಳ ನಡುವಣ ಕಾಲದಲ್ಲಿ ಅದನ್ನು ಕೊಂಡ ವ್ಯಾಪಾರಿಯೊಬ್ಬ, ಕಲ್ಲು ಕಲ್ಲು ಬಿಚ್ಚಿ ಅಮೆರಿಕಕ್ಕೆ ಸಾಗಿಸಿ ಅಲ್ಲಿ ಮತ್ತೆ ಕಟ್ಟಿಕೊಡುತ್ತೇನೆಂದು ಸಾರಿದ. ಕೊಳ್ಳುವವರು ಬರಲಿಲ್ಲ. ಒಳಗಿನ ಅಲಂಕಾರದ ಭಾಗಗಳನ್ನು ಕಿತ್ತು ಮಾರಿದ್ದಾಯಿತು; ಕೆಲವು ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲು ಸೇರಿ, ಅಲ್ಲಿ ‘ಬ್ಯಾಸಿಲ್ಡನ್ ಕೋಣೆ’ ಎಂಬ ಹೆಸರು ಪಡೆದವು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರೂ ಯುದ್ಧಕೈದಿಗಳೂ ಇಲ್ಲಿ ತಂಗಿದರು.

1952ರಲ್ಲಿ ಈ ಪಾಳುಮನೆಯನ್ನು ಲಾರ್ಡ್ ಐಲಿಫ್ ದಂಪತಿಗಳು ಕೊಂಡು, ವರ್ಷಗಟ್ಟಲೆ ದುಡಿದು ಮತ್ತೆ ಎತ್ತಿ ನಿಲ್ಲಿಸಿದರು. ನಾನು ಕೋಣೆಯೊಂದರಲ್ಲಿ ಮಹಾಗನಿ ಮರದ ಬಾಗಿಲನ್ನು ನೋಡುತ್ತ ನಿಂತಿದ್ದಾಗ, ಅಲ್ಲಿ ಸ್ವಯಂಸೇವಕಿಯಾಗಿ ಕುಳಿತಿದ್ದ ವೃದ್ಧ ಮಹಿಳೆಯೊಬ್ಬರು ಹತ್ತಿರ ಬಂದು, “ಆ ಬಾಗಿಲು ಈ ಮನೆಯದಲ್ಲ” ಎಂದರು. ಲಿಂಕನ್‌ಷೈರಿನಲ್ಲಿ ಪ್ಯಾಂಟನ್ ಹಾಲ್ ಎಂಬ, ಇದೇ ಕಾರ್ ಕೆಲಸಮಾಡಿದ ಮನೆ ಕೆಡವಲ್ಪಡುವುದರಲ್ಲಿತ್ತಂತೆ. ಐಲಿಫ್ ದಂಪತಿಗಳು ಅಲ್ಲಿಂದ ಬಾಗಿಲುಗಳನ್ನೂ ಅಗ್ಗಿಷ್ಟಿಕೆಗಳ ಚೌಕಟ್ಟುಗಳನ್ನೂ ತಂದರು. ಕಾರ್‌ನ ಅಳತೆಗಳು ಎಷ್ಟು ನಿಖರವೆಂದರೆ, ನೂರಕ್ಕೂ ಹೆಚ್ಚು ಮೈಲಿಯಾಚೆಯ ಮನೆಗಾಗಿ ಮಾಡಿದ ಬಾಗಿಲು ಇಲ್ಲಿನ ಚೌಕಟ್ಟಿನಲ್ಲಿ ಸರಿಯಾಗಿ ಕುಳಿತಿತು. ಪ್ರಮಾಣದ ಬಗ್ಗೆ ಪುಸ್ತಕದಲ್ಲಿ ಓದಿದ್ದೆಲ್ಲ ಆ ಒಂದು ಮಾತಿನಲ್ಲಿ ನನಗೆ ಮನದಟ್ಟಾಯಿತು.

1978ರಲ್ಲಿ ಆ ದಂಪತಿಗಳು ಮನೆಯನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದರು. ಅದೇ ಸಂಸ್ಥೆ 2020ರಲ್ಲಿ ತನ್ನ ಆಸ್ತಿಗಳಲ್ಲಿ ಯಾವ ಯಾವುವಕ್ಕೆ ವಸಾಹತು ಆಳ್ವಿಕೆಯ ಹಾಗೂ ಗುಲಾಮರ ದುಡಿಮೆಯ ನಂಟಿದೆ ಎಂದು ಒಂದು ವರದಿ ಹೊರತಂದಿತು. ಬ್ಯಾಸಿಲ್ಡನ್ ಅದರಲ್ಲಿದೆ. ವರದಿಯ ಬಗ್ಗೆ ಇಂಗ್ಲೆಂಡಿನಲ್ಲಿ ಬಿರುಸಾದ ಚರ್ಚೆ ನಡೆಯಿತು. ಚಂದದ ಮನೆ ನೋಡಲು ಬಂದವರಿಗೆ ಹಳೆಯ ಲೆಕ್ಕ ಏಕೆ ಎಂದು ಕೆಲವರು ಕೇಳಿದರು.

ಇದೇ ನಾನು ಮೊದಲಿಗೆ ಹೇಳಿದ ಪ್ರಶ್ನೆ. ಅನ್ಯಾಯದ ಹಣದಿಂದ ಎದ್ದ ಸೌಂದರ್ಯವನ್ನು ಹೇಗೆ ನೋಡಬೇಕು? ಸುಂದರವಲ್ಲವೆಂದು ಹೇಳಿದರೆ ನನ್ನ ಕಣ್ಣಿಗೆ ದ್ರೋಹ ಬಗೆದಂತೆ. ಉಳಿ ಹಿಡಿದ ಕಲ್ಲುಕುಟಿಗರ ಶ್ರಮಕ್ಕೂ ಅವಮಾನ. ಆ ಸಂದುಗಳ ತೆಳುವನ್ನು ಸಾಧಿಸಿದವರು ಬಂಗಾಳದ ರೈತನನ್ನು ಕಂಡವರಲ್ಲ, ದಿನಗೂಲಿಗೆ ದುಡಿದವರು. ಸುಂದರವಾಗಿದೆ, ಅಷ್ಟು ಸಾಕು, ಎಂದು ಹೇಳಿದರೆ ಮನೆ ಅಡಗಿಸಿದ್ದನ್ನು ನಾನೂ ಅಡಗಿಸಿದಂತಾಗುತ್ತದೆ. ವಾಸ್ತುವನ್ನು ಅರಿಯುವುದೆಂದರೆ ಕಿಟಕಿಯ ಗೂಡಿನೊಳಗಿನ ಗುಂಡನ್ನು, ಕಮಾನಿನೊಳಗಿನ ಮೆಟ್ಟಿಲನ್ನು ಅರಿಯುವುದು. ಹಣದ ಮೂಲವನ್ನು ಅರಿಯುವುದೂ ಆ ಅರಿವಿನ ಮುಂದುವರಿಕೆಯೇ ಎಂದು ನನಗೆ ತೋರುತ್ತದೆ. ಮನೆಯ ಭಾರ ಯಾವುದರ ಮೇಲೆ ನಿಂತಿದೆ ಎಂದು ಕೇಳುವುದು ವಾಸ್ತುಶಾಸ್ತ್ರದ ಮೊದಲ ಪ್ರಶ್ನೆಯಲ್ಲವೇ?

ಹೊರಡುವ ಮೊದಲು ಆ ವೃದ್ಧ ಮಹಿಳೆ, ಮನೆ ಹಿಡಿಸಿತೇ ಎಂದು ಕೇಳಿದರು. ತುಂಬಾ ಹಿಡಿಸಿತು ಎಂದೆ. ಎಲ್ಲಿಂದ ಬಂದವರು ಎಂದರು, ಕರ್ನಾಟಕದವನೆಂದೆ. ಒಂದು ಕ್ಷಣ ಸುಮ್ಮನಿದ್ದು, “ಹಾಗಾದರೆ ಇದನ್ನು ಯಾರ ಹಣದಿಂದ ಕಟ್ಟಿದರೆಂದು ನಿಮಗೆ ತಿಳಿದೇ ಇರಬೇಕು” ಎಂದರು. ನನ್ನ ನಾಡು ಬಂಗಾಳಕ್ಕೆ ಬಹುದೂರವೆಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ತಿಳಿದಿದೆ ಎಂದೆ. “ಈಗ ಬರುವವರಿಗೆಲ್ಲ ನಾವು ಅದನ್ನೂ ಹೇಳುತ್ತೇವೆ” ಎಂದು ಅವರು ನನ್ನನ್ನು ಕಂಬಗಳವರೆಗೆ ಬೀಳ್ಕೊಟ್ಟರು. ಕಮಾನಿನೊಳಗಿನ ಮೆಟ್ಟಿಲಿಳಿದು ಹುಲ್ಲಿನ ಮೇಲೆ ಬಂದಾಗ ಹೊತ್ತು ಮುಳುಗುತ್ತಿತ್ತು. ಪಡುವಣ ಬೆಳಕಿನಲ್ಲಿ ಕಲ್ಲು ಚಿನ್ನದಂತೆ ಹೊಳೆಯಿತು. ಅದನ್ನು ಮತ್ತೊಮ್ಮೆ ತಿರುಗಿ ನೋಡಿ, ರೈಲಿನ ಹೊತ್ತಾಯಿತೆಂದು ಬೇಗಬೇಗನೆ ನಡೆದೆ.